ಹಳೇ ಟ್ರ್ಯಾಕ್ಟರ್ ಮತ್ತು ಮೈಕೈ ನೋವು: ಪುಣೆ ಕಡೆಯ ಕನ್ನಡ ಡ್ರೈವರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಡಿ ತಾಲ್ಲೂಕಿನವನು. ಪುಣೆಯ ಮಾಂಜರಿ ಹತ್ತಿರ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಅದಕ್ಕೂ ಮುಂಚೆ 14 ವರ್ಷ ನಾನೇ ಓಡಿಸಿದ್ದೇನೆ. ಕಬ್ಬಿನ ಸೀಸನ್‌ನಲ್ಲಿ ದೌಂಡ್, ಇಂದಾಪುರ, ಬಾರಾಮತಿ ಕಡೆ ಎರಡು ಡಬ್ಬಿ (ಟ್ರೈಲರ್) ಎಳೆಯುತ್ತಿದ್ದೆ. ಬೇಸಿಗೆಯಲ್ಲಿ ವಾಘೋಲಿ ಕಡೆಯ ಸೊಸೈಟಿಗಳಿಗೆ ನೀರಿನ ಟ್ಯಾಂಕರ್ ಹೊಡೆಯುತ್ತಿದ್ದೆ. ಸೊಂಟ ಹಿಡಿದು ಎರಡು ಸಲ ಹಾಸಿಗೆ ಹಿಡಿದೆ. ಎರಡನೇ ಸಲ ಕೆಲಸಕ್ಕೆ ವಾಪಸ್ ಬರಲು 40 ದಿನ ಬೇಕಾಯಿತು.

ನಮ್ಮ ಗ್ಯಾರೇಜಿಗೆ ಸಿಂದಗಿ, ಅಫಜಲಪುರ, ಆಳಂದ, ಜತ್ತ ಕಡೆಯ ಹುಡುಗರು ಬರುತ್ತಾರೆ. ಗಾಡಿಯ ತೊಂದರೆ ಹೇಳುವಾಗ ಅವರ ಒಂದು ಕೈ ಸೊಂಟದ ಮೇಲೆ ಇರುತ್ತದೆ. ರಿಪೇರಿ ಮುಗಿಯುವ ತನಕ ಕೂತು ಅವರು ಕೇಳುವ ಪ್ರಶ್ನೆಗಳೇ ಇವು. ಗಾಡಿಯ ವಿಷಯದಲ್ಲಿ ನನ್ನ ಅನುಭವ ಬರೆದಿದ್ದೇನೆ. ಮೈಯ ವಿಷಯ ನನಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಮತ್ತು ಫಿಸಿಯೋಥೆರಪಿ ಮೇಡಂ ಹತ್ತಿರ ಕೇಳಿ ಕೇಳಿ ತಿಳಿದುಕೊಂಡದ್ದು. ನನ್ನ ಮಾತು ಇಷ್ಟೇ: ನೋವು ಬಂದರೆ ಗುಳಿಗೆ ನುಂಗುವ ಮೊದಲು ಗಾಡಿ ನೋಡಿ. ಅರ್ಧ ನೋವು ಅಲ್ಲೇ ಸಿಗುತ್ತದೆ.

ದಿನವಿಡೀ ಕೂತೇ ಇರ್ತೀನಿ, ಮೂಟೆ ಹೊರೋ ಕೆಲಸ ಇಲ್ಲ. ಆದ್ರೂ ಸೊಂಟ ಯಾಕೆ ನೋಯುತ್ತೆ ಅಣ್ಣಾ?

ಕೂತಿದ್ದೀರಿ ಅಂತ ನಿಮಗೆ ಅನಿಸುತ್ತದೆ. ನಿಮ್ಮ ಬೆನ್ನಿಗೆ ಹಾಗೆ ಅನಿಸುವುದಿಲ್ಲ. ಲಾರಿಗೆ ಹಿಂದೆ ಪಟ್ಟಾ (ಸ್ಪ್ರಿಂಗ್ ಪಟ್ಟಿ) ಇರುತ್ತದೆ, ಕಾರಿಗೆ ಶಾಕಪ್ ಇರುತ್ತದೆ. ನಮ್ಮ ಹಳೇ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್‌ಗೆ ಎರಡೂ ಇಲ್ಲ. ಗುಂಡಿಗೂ ನಿಮ್ಮ ಬೆನ್ನಿಗೂ ನಡುವೆ ಇರುವುದು ಟೈರಿನ ಗಾಳಿ ಮತ್ತು ಸೀಟು, ಅಷ್ಟೇ. ಸೀಟು ಸತ್ತಿದ್ದರೆ ಬರೀ ಗಾಳಿ.

ಇನ್ನೊಂದು ವಿಷಯ ತಿಳಿದಾಗ ನನಗೆ ತುಂಬ ಅರ್ಥವಾಯಿತು. ಕೂತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಮೇಲೆ ಕೆಳಗೆ ಅಲುಗಿದರೆ, ಆ ಅಲುಗಾಟ ಮೈಯೊಳಗೆ ಕಡಿಮೆ ಆಗುವ ಬದಲು ಹೆಚ್ಚುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಎತ್ತರಕ್ಕೆ ಹೋಗುತ್ತದಲ್ವಾ, ಹಾಗೆ. ಟ್ರ್ಯಾಕ್ಟರಿನ ಕುಲುಕಾಟ ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ. ಬೆನ್ನಿನ ಸ್ನಾಯುಗಳು ಅದನ್ನು ತಡೆಯಲು ಬಿಗಿಯಾಗುತ್ತವೆ, ಸಡಿಲವಾಗುತ್ತವೆ, ಮತ್ತೆ ಬಿಗಿಯಾಗುತ್ತವೆ. ಹತ್ತು ತಾಸು ಹೀಗೇ. ಸಂಜೆ ಹೊತ್ತಿಗೆ ಅವು ಸೋತು ಹೋಗುತ್ತವೆ. ಆಮೇಲೆ ಬರುವ ಪೆಟ್ಟು ನೇರವಾಗಿ ಬೆನ್ನೆಲುಬಿನ ನಡುವಿನ ಡಿಸ್ಕ್‌ಗೆ ಬೀಳುತ್ತದೆ.

ಯುರೋಪಿನಲ್ಲಿ ಇದಕ್ಕೆ 2002ರಲ್ಲೇ ಕಾನೂನು ಬಂತು. ಎಂಟು ತಾಸಿನ ಕೆಲಸಕ್ಕೆ ಕುಲುಕಾಟದ ಲೆಕ್ಕ 0.5 ದಾಟಿದರೆ ಮಾಲೀಕ ಏನಾದರೂ ಕ್ರಮ ತೆಗೆದುಕೊಳ್ಳಲೇಬೇಕು. 1.15 ದಾಟುವ ಹಾಗೇ ಇಲ್ಲ. ಈ ಲೆಕ್ಕ ಸೆಕೆಂಡಿನ ವರ್ಗಕ್ಕೆ ಮೀಟರ್‌ನಲ್ಲಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಿಮ್ಮ ನೋವು ಮೈಗಳ್ಳತನ ಅಲ್ಲ. ಅಳೆಯಲು ಬರುವ ಪೆಟ್ಟು ಅದು.

ಹೊಸ ಗಾಡಿಗೂ ಹಳೇದಕ್ಕೂ ಅಷ್ಟು ಫರಕು ಇದೆಯಾ?

ಇದೆ. ಹಳೇ ಗಾಡಿಯಲ್ಲಿ ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಎಲ್ಲ ಒಂದಕ್ಕೊಂದು ಬೋಲ್ಟ್ ಮಾಡಿ ಅದೇ ಚಾಸಿ ಆಗಿರುತ್ತದೆ. ನಡುವೆ ರಬ್ಬರ್ ಇಲ್ಲ. ಹಾಗಾಗಿ ಎಂಜಿನ್ ನಡುಕ ಸೀದಾ ಫುಟ್‌ಪ್ಲೇಟ್‌ಗೆ, ಸ್ಟೀರಿಂಗಿಗೆ ಬರುತ್ತದೆ. ಪವರ್ ಸ್ಟೀರಿಂಗ್ ಇಲ್ಲ. ಕ್ಲಚ್ ಗಟ್ಟಿ. ಜೊತೆಗೆ 15, 20 ವರ್ಷದ ಸವಕಳಿ. ಆದರೆ ಹೊಸದು ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕೆ ಇದೆ? ಹಳೇದನ್ನೇ ಸರಿ ಮಾಡಿಕೊಂಡರೆ ದೊಡ್ಡ ಫರಕು ಸಿಗುತ್ತದೆ. ಕೆಳಗೆ ಬರೆದಿರುವುದು ಅದನ್ನೇ.

ಮೊದಲು ಏನು ನೋಡಲಿ?

ಸೀಟು. ಯಾವಾಗಲೂ ಸೀಟು.

ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಸೀಟಿನ ಮೇಲೆ ಎರಡೂ ಅಂಗೈ ಇಟ್ಟು ಮೈಯ ಭಾರ ಹಾಕಿ ಒತ್ತಿ, ಒಮ್ಮೆಲೇ ಬಿಡಿ. ನಿಧಾನವಾಗಿ ಮೇಲೆ ಬಂದು ನಿಂತರೆ ಸರಿ ಇದೆ. ಎರಡು ಮೂರು ಸಲ ಕುಣಿದರೆ ಸೀಟಿನ ಶಾಕಪ್ ಹೋಗಿದೆ. ಕೆಳಗೆ ಇಳಿಯಲೇ ಇಲ್ಲ ಅಂದರೆ ಪಿನ್ ತುಕ್ಕು ಹಿಡಿದಿದೆ, ಅಥವಾ ಹಿಂದಿನ ಡ್ರೈವರ್ ಕೆಳಗೆ ಕಟ್ಟಿಗೆ ತುರುಕಿದ್ದಾನೆ. ಹೌದು, ಕಟ್ಟಿಗೆ ತುಂಬ ಸಲ ಸಿಕ್ಕಿದೆ. ಸ್ಪ್ರಿಂಗ್ ಮುರಿದಾಗ ತಾತ್ಕಾಲಿಕ ಅಂತ ಹಾಕಿದ್ದು ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ.

ಆಮೇಲೆ ಬಗ್ಗಿ ಸೀಟಿನ ಕೆಳಗೆ ನೋಡಿ. ಶಾಕಪ್ ಕೊಳವೆಯ ಮೇಲೆ ಎಣ್ಣೆ ಇಳಿದು ಅದಕ್ಕೆ ಧೂಳು ಮೆತ್ತಿ ಕಪ್ಪು ಗೀರು ಆಗಿದ್ದರೆ ಒಳಗೆ ಎಣ್ಣೆ ಉಳಿದಿಲ್ಲ ಅಂತ ಅರ್ಥ. ಅದನ್ನು ಬದಲಿಸುವುದು ಎರಡು ಬೋಲ್ಟಿನ ಕೆಲಸ.

ಭಾರ ಹೊಂದಿಸುವ ತಿರುಗಣಿ ಇದ್ದರೆ ನಿಮ್ಮ ತೂಕಕ್ಕೆ ಇಡಿ. ಕೆಲವು ಸೀಟಿನಲ್ಲಿ ಕಿಲೋ ಗುರುತೇ ಇರುತ್ತದೆ. 55 ಕಿಲೋ ಹುಡುಗ, 90 ಕಿಲೋ ಮಾಲೀಕ ಇಬ್ಬರೂ ಒಂದೇ ಗಾಡಿ ಓಡಿಸುತ್ತಿದ್ದರೆ ಕೂರುವಾಗಲೆಲ್ಲ ಅದನ್ನು ತಿರುಗಿಸಬೇಕು. ಸೀಟು ಹಿಂದೆ ಮುಂದೆ ಸರಿಯುವ ರೈಲು ತುಕ್ಕು ಹಿಡಿದಿದ್ದರೆ ಡೀಸೆಲ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ ಗ್ರೀಸ್ ಹಚ್ಚಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕಾಲು ಚಾಚಿ, ಸೊಂಟ ತಿರುಚಿ ಒತ್ತುವ ಹಾಗಿದ್ದರೆ ಸೀಟು ದೂರ ಇದೆ.

ಸೀಟಿನ ಮೇಲೆ ದಪ್ಪ ಸ್ಪಂಜು, ಇಲ್ಲಾ ಮಡಚಿದ ಕೌದಿ ಹಾಕಿಕೊಂಡ್ರೆ ಸಾಲದಾ?

ಕುಂಡಿಗೆ ಮೆತ್ತಗೆ ಆಗುತ್ತದೆ, ಬೆನ್ನಿಗೆ ಅಲ್ಲ. ತೀರಾ ಮೆತ್ತನೆಯ ಸ್ಪಂಜು ದೊಡ್ಡ ಗುಂಡಿಯಲ್ಲಿ ಪೂರ್ತಿ ಅಪ್ಪಚ್ಚಿ ಆಗಿ ಕೆಳಗಿನ ತಗಡಿಗೆ ಬಡಿಯುತ್ತದೆ. ಎತ್ತರವೂ ಹೆಚ್ಚುವುದರಿಂದ ಪೆಡಲ್ ದೂರವಾಗುತ್ತದೆ. ಎರಡು ಇಂಚಿನ ಗಟ್ಟಿ ಫೋಮ್ ಹಾಕಿ, ಸಾಕು. ಸೊಂಟದ ಹಿಂದೆ ಒಂದು ಟವೆಲ್ ಸುತ್ತಿ ಇಟ್ಟುಕೊಳ್ಳಿ, ಬೆಲ್ಟ್ ಕಟ್ಟುವ ಜಾಗದಿಂದ ಸ್ವಲ್ಪ ಮೇಲೆ. ಅದು ಜಾರದ ಹಾಗೆ ಸೀಟಿನ ಬೆನ್ನಿಗೆ ಹಗ್ಗದಿಂದ ಕಟ್ಟಿ. ನಾನು ಇವತ್ತಿಗೂ ಟ್ರಯಲ್ ಹೋಗುವಾಗ ಇದನ್ನೇ ಮಾಡುತ್ತೇನೆ.

ಎಡ ಮೊಣಕಾಲು ಮಾತ್ರ ನೋಯುತ್ತೆ. ವಯಸ್ಸು ಇನ್ನೂ 28.

ಎಡಗಾಲು ಅಂದ ತಕ್ಷಣ ಕ್ಲಚ್ ನೋಡಿ. ವಾಘೋಲಿ ರಸ್ತೆಯ ಸಂಜೆ ಟ್ರಾಫಿಕ್‌ನಲ್ಲಿ ಟ್ಯಾಂಕರ್ ಹೊಡೆದರೆ ಕ್ಲಚ್ ಒತ್ತುವುದಕ್ಕೆ ಲೆಕ್ಕವೇ ಇರುವುದಿಲ್ಲ. ಪ್ರತಿ ಸಲವೂ ಮೊಣಚಿಪ್ಪು ತೊಡೆಯ ಎಲುಬಿಗೆ ಒತ್ತಿ ಉಜ್ಜುತ್ತದೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ಚಿಪ್ಪಿನ ಸುತ್ತ ನೋವು ಬಂದರೆ ಹೆಚ್ಚಾಗಿ ಇದೇ.

ಪೆಡಲ್ ಗಟ್ಟಿಯಾಗಲು ಕಾರಣಗಳು ಹಲವು. ಪೆಡಲ್ ಶಾಫ್ಟಿನ ಬುಷ್ ಒಣಗಿರುತ್ತದೆ, ಲಿಂಕ್‌ನ ಪಿನ್ ಸವೆದಿರುತ್ತದೆ, ರಿಲೀಸ್ ಬೇರಿಂಗ್ ಹೋಗಿರುತ್ತದೆ, ಇಲ್ಲವೇ ಪ್ರೆಷರ್ ಪ್ಲೇಟಿನ ಬೆರಳುಗಳು ಸವೆದಿರುತ್ತವೆ. ಮೊದಲೆರಡಕ್ಕೆ ಗಾಡಿ ಬಿಚ್ಚಬೇಕಾಗಿಲ್ಲ. ಪೆಡಲ್ ಬುಡದಲ್ಲಿ ಸಾಮಾನ್ಯವಾಗಿ ಗ್ರೀಸ್ ನಿಪ್ಪಲ್ ಇರುತ್ತದೆ, ಮಣ್ಣು ಮೆತ್ತಿ ಕಾಣುವುದಿಲ್ಲ. ಸ್ಕ್ರೂ ಡ್ರೈವರ್‌ನಿಂದ ಕೆರೆದು ಹುಡುಕಿ. ಹೊಸ ಗ್ರೀಸ್ ಪಕ್ಕದಿಂದ ಹೊರಬರುವ ತನಕ ಹೊಡೆಯಿರಿ. ಎಷ್ಟೋ ಜನ ಅಲ್ಲೇ ನಿಂತು ಒತ್ತಿ ನೋಡಿ, "ಅಣ್ಣಾ ಇದು ಬೇರೆ ಗಾಡಿ ಆಯ್ತಲ್ಲ" ಅಂದಿದ್ದಾರೆ.

ಪೆಡಲ್‌ಗೆ ಆಟ ಇರಬೇಕು, ಅಂದರೆ ಕ್ಲಚ್ ಕೆಲಸ ಶುರು ಮಾಡುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ಜಾಗ, ಸುಮಾರು ಒಂದು ಇಂಚು. ನಿಮ್ಮ ಗಾಡಿಗೆ ಸರಿಯಾಗಿ ಎಷ್ಟು ಅಂತ ಅದರ ಪುಸ್ತಕದಲ್ಲಿ ಇರುತ್ತದೆ. ಓಡಿಸುವಾಗ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರಬೇಡಿ. ಬೇರಿಂಗ್ ಸವೆಯುತ್ತದೆ, ತೊಡೆಯೂ ಬಿಗಿ ಹಿಡಿಯುತ್ತದೆ. ಡಬಲ್ ಕ್ಲಚ್ (ಗೇರಿಗೊಂದು, ಹಿಂದೆ ಹಾಕುವ ಯಂತ್ರಕ್ಕೊಂದು ಕ್ಲಚ್ ಇರುವ) ಗಾಡಿಗಳಲ್ಲಿ ಪೆಡಲ್ ಮೊದಲಿಂದಲೇ ಗಟ್ಟಿ. ಅಂಥದ್ದನ್ನು ಊರೊಳಗಿನ ಟ್ರಾಫಿಕ್‌ಗೆ ಹಾಕಬೇಡಿ ಅಂತ ನಾನು ಮಾಲೀಕರಿಗೆ ಹೇಳುತ್ತೇನೆ.

ರಾತ್ರಿ ಕೈಗೆ ಜೋಮು ಹಿಡಿದು ಎಚ್ಚರ ಆಗುತ್ತೆ. ಪಾರ್ಶ್ವವಾಯು ಇರಬಹುದಾ?

ಯಾವ ಬೆರಳು ಅಂತ ಮೊದಲು ನೋಡಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತಿದೆ. ಕಿರುಬೆರಳು, ಉಂಗುರ ಬೆರಳು ಆದರೆ ಹೆಚ್ಚಾಗಿ ಮೊಣಕೈ ಹತ್ತಿರ ಒತ್ತಿದೆ. ಕುತ್ತಿಗೆಯಿಂದಲೂ ಬರಬಹುದು. ಕೈ ಝಾಡಿಸಿದರೆ ಕಡಿಮೆ ಆಗುವುದು ಮಣಿಕಟ್ಟಿನ ತೊಂದರೆಯ ಗುರುತು. ಆದರೆ ಒಮ್ಮೆಲೇ ಒಂದು ಕಡೆಯ ಕೈಕಾಲು ಸೋತರೆ, ಬಾಯಿ ಸೊಟ್ಟ ಆದರೆ, ಮಾತು ತೊದಲಿದರೆ ಅದು ಬೇರೆ ವಿಷಯ. ತಡಮಾಡದೆ 108ಕ್ಕೆ ಫೋನ್ ಮಾಡಿ.

ಸಿಂದಗಿ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗಾಡಿ ತಂದಿದ್ದು ಬ್ರೇಕ್ ಕೆಲಸಕ್ಕೆ. ಚಹಾ ಕೊಟ್ಟರೆ ಲೋಟವನ್ನು ಎರಡೂ ಕೈಯಿಂದ ಹಿಡಿದ. ಕೇಳಿದರೆ, ಬೆರಳಿಗೆ ಹಿಡಿತ ಇಲ್ಲ ಅಣ್ಣಾ ಅಂದ. ನಾನು ಅವನ ಸ್ಟೀರಿಂಗ್ ತಿರುಗಿಸಿ ನೋಡಿದೆ. ನಿಂತ ಗಾಡಿಯಲ್ಲಿ ನನ್ನಂಥವನಿಗೂ ಭುಜ ಹಾಕಿ ಎಳೆಯಬೇಕಾಯಿತು. ಸ್ಟೀರಿಂಗ್ ಬಾಕ್ಸಿನ ಪ್ಲಗ್ ಬಿಚ್ಚಿ ತಂತಿ ಇಳಿಸಿದೆ. ತಂತಿಯ ತುದಿ ಒಣಗಿಯೇ ಮೇಲೆ ಬಂತು. ಒಳಗೆ ಎಣ್ಣೆ ಇರಲಿಲ್ಲ. ಕೆಳಗಿನ ಸೀಲ್ ಹೋಗಿತ್ತು. ಮುಂದಿನ ಟೈರ್ ಎರಡರಲ್ಲೂ ಗಾಳಿ ಕಡಿಮೆ. ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್ ಗ್ರೀಸ್ ಕಂಡು ಎಷ್ಟು ದಿನ ಆಗಿತ್ತೋ. ಸೀಲ್ ಹಾಕಿ, ಎಣ್ಣೆ ತುಂಬಿ, ಮುಂದಿನ ಆಕ್ಸಲನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಗುಟ್ಟಿ ಕೊಟ್ಟು ಗ್ರೀಸ್ ಹೊಡೆದೆವು. ಅವನಿಗೆ ಡಾಕ್ಟರ್ ರಾತ್ರಿ ಕಟ್ಟಿಕೊಳ್ಳಲು ಮಣಿಕಟ್ಟಿನ ಪಟ್ಟಿ ಕೊಟ್ಟರು. ಎರಡು ತಿಂಗಳ ಮೇಲೆ ಬಂದಾಗ ಲೋಟವನ್ನು ಒಂದೇ ಕೈಯಲ್ಲಿ ಹಿಡಿದಿದ್ದ.

ಮುಂದಿನ ಆಕ್ಸಲನ್ನು ಎತ್ತಿದಾಗ ಗ್ರೀಸ್ ಹೊಡೆಯುವುದು ಯಾಕೆ ಅಂದರೆ, ಭಾರ ಇದ್ದಾಗ ಗ್ರೀಸ್ ಪಿನ್ನಿನ ಒತ್ತಡದ ಕಡೆಗೆ ಸರಿಯಾಗಿ ಹೋಗುವುದಿಲ್ಲ. ವಾರಕ್ಕೊಮ್ಮೆ ಗ್ರೀಸ್ ಬೇಕು. ಕೆಸರಿನಲ್ಲಿ ಕೆಲಸ ಇದ್ದರೆ ದಿನಾ. ಸ್ಟೀರಿಂಗನ್ನು ಸಾಯುವಂತೆ ಬಿಗಿ ಹಿಡಿಯಬೇಡಿ. ಹೆಬ್ಬೆರಳನ್ನು ಸ್ಟೀರಿಂಗ್ ಕಡ್ಡಿಗಳ ಒಳಗೆ ಸಿಕ್ಕಿಸಬೇಡಿ. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ತಾನೇ ತಿರುಗಿ ಹೆಬ್ಬೆರಳು ಮುರಿಯುತ್ತದೆ.

ಕುತ್ತಿಗೆ ಬಲಗಡೆ ಮಾತ್ರ ಹಿಡಿಯುತ್ತೆ.

ನೀವು ಯಾವಾಗಲೂ ಬಲಗಡೆಯಿಂದಲೇ ಹಿಂದೆ ನೋಡುತ್ತೀರಿ. ಪಲ್ಟಿ ನೇಗಿಲು, ರೋಟಾವೇಟರ್ ಹಾಕಿದಾಗ ಕಣ್ಣು ಹಿಂದೆಯೇ ಇರುತ್ತದೆ, ಸೊಂಟ ಮುಂದೆ. ಬೆನ್ನು ತಿರುಚಿದ ಹೊತ್ತಿನಲ್ಲೇ ಕುಲುಕಾಟ ಬಿದ್ದರೆ ಪೆಟ್ಟು ಇನ್ನೂ ಜಾಸ್ತಿ. ಎರಡೂ ಕಡೆ ದೊಡ್ಡ ಕನ್ನಡಿ ಹಾಕಿಸಿ. ಲಾರಿಯ ಕನ್ನಡಿ ಸಾಕು, ಮಡ್‌ಗಾರ್ಡ್‌ಗೆ ಪಟ್ಟಿ ವೆಲ್ಡ್ ಮಾಡಿ ಕೂರಿಸಬಹುದು. ನೋಡಲೇಬೇಕಾದಾಗ ಕುತ್ತಿಗೆ ಒಂದನ್ನೇ ತಿರುಗಿಸದೆ ಭುಜ ಸಮೇತ ತಿರುಗಿ. ಒಂದು ಸಾಲು ಎಡಗಡೆ, ಒಂದು ಸಾಲು ಬಲಗಡೆ.

ಟೈರ್ ಗಾಳಿಗೂ ಬೆನ್ನಿಗೂ ಏನು ಸಂಬಂಧ?

ಬಹಳ ಇದೆ. ಸಕ್ಕರೆ ಕಾರ್ಖಾನೆಗೆ ಲೋಡ್ ಎಳೆಯಲು ಹಿಂದಿನ ಟೈರಿಗೆ ಗಟ್ಟಿ ಗಾಳಿ ಹಾಕುತ್ತೇವೆ. ಸೀಸನ್ ಮುಗಿದ ಮೇಲೆ ಅದೇ ಗಾಳಿಯಲ್ಲಿ ಹೊಲಕ್ಕೆ ಇಳಿಯುತ್ತೇವೆ. ಆಗ ಟೈರ್ ಕಲ್ಲಿನ ಹಾಗೆ ಪುಟಿಯುತ್ತದೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ ಸಾಮಾನ್ಯವಾಗಿ 12ರಿಂದ 14 ಪೌಂಡ್ ಸಾಕಾಗುತ್ತದೆ. ರಸ್ತೆ ಲೋಡಿಗೆ ಹೆಚ್ಚು ಬೇಕು. ನಿಮ್ಮ ಟೈರಿನ ಚಾರ್ಟ್ ನೋಡಿಯೇ ಹಾಕಿ. ಮುಂದಿನ ಟೈರಿಗೆ ಮಾತ್ರ ಕಡಿಮೆ ಮಾಡಬೇಡಿ, ಸ್ಟೀರಿಂಗ್ ಭಾರ ಆಗುತ್ತದೆ.

ಖಾಲಿ ಡಬ್ಬಿ ತೆಗೆದುಕೊಂಡು ವಾಪಸ್ ಬರುವಾಗ ಎಲ್ಲರೂ ಜೋರಾಗಿ ಓಡಿಸುತ್ತಾರೆ. ಬೆನ್ನಿಗೆ ಅತಿ ಕೆಟ್ಟ ಹೊತ್ತು ಅದೇ. ಖಾಲಿ ಡಬ್ಬಿ ಕುಣಿದು ಹುಕ್ಕಿನಿಂದ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಜಗ್ಗುತ್ತದೆ. ಹುಕ್ಕಿನ ಪಿನ್ ಸವೆದಿದ್ದರೆ ಇನ್ನೂ ಜಾಸ್ತಿ. ಹೊಸ ಪಿನ್ ಹಾಕಿ, ಒಂದು ಗೇರ್ ಕಡಿಮೆ ಓಡಿಸಿ.

ನಡುವೆ ಎಷ್ಟು ಹೊತ್ತಿಗೆ ಇಳಿಯಬೇಕು?

ತಾಸಿಗೊಮ್ಮೆ, ಐದು ನಿಮಿಷ. ಆಗದಿದ್ದರೆ ಎರಡು ತಾಸಿಗಾದರೂ ಒಮ್ಮೆ. ಕಾರ್ಖಾನೆ ಯಾರ್ಡಿನ ಸಾಲಿನಲ್ಲಿ ನಿಂತಾಗ ಸೀಟಿನ ಮೇಲೇ ಮುದುಡಿ ಮಲಗುತ್ತೇವಲ್ವಾ, ಅದನ್ನು ಬಿಡಿ. ಇಳಿದು ತೂಕದ ಕಾಟಾ ತನಕ ಒಂದು ಸುತ್ತು ನಡೆದು ಬನ್ನಿ.

ಇಳಿಯುವ ರೀತಿಯೂ ಮುಖ್ಯ. ನನ್ನ ಎರಡನೇ ಸಲದ ನೋವು ಶುರುವಾದದ್ದೇ ಇಳಿಯುವಾಗ. ನವೆಂಬರ್ ತಿಂಗಳ ರಾತ್ರಿ, ಚಳಿ. 13 ತಾಸು ಸೀಟಿನ ಮೇಲಿದ್ದೆ. ಫುಟ್‌ಪ್ಲೇಟ್‌ನಿಂದ ಕೆಳಗೆ ಜಿಗಿದೆ, ಯಾವಾಗಲೂ ಜಿಗಿಯುವ ಹಾಗೆ. ಎಡಗಾಲು ನೆಲ ಮುಟ್ಟಿದಾಗ ಕುಂಡಿಯಿಂದ ಮೀನಖಂಡದ ತನಕ ಬಿಸಿ ತಂತಿ ಎಳೆದ ಹಾಗಾಯಿತು. ಕಬ್ಬಿನ ಸಿಪ್ಪೆಯ ಮೇಲೇ ಕೂತುಬಿಟ್ಟೆ. ಏಳಲು ಆಗಲಿಲ್ಲ. ಹಿಂದಿನ ಗಾಡಿಯ ಡ್ರೈವರ್ ಬಂದು ಕಂಕುಳಿಗೆ ಕೈಹಾಕಿ ಎತ್ತಿದ.

ಅದಕ್ಕೇ ಹೇಳುತ್ತೇನೆ, ಜಿಗಿಯಬೇಡಿ. ಗಾಡಿಯ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಕಾಲು ಇಳಿಸಿ. ಇಳಿದ ತಕ್ಷಣ ಏನನ್ನೂ ಎತ್ತಬೇಡಿ. ಕುಲುಕಾಟದಿಂದ ಸೋತ ಬೆನ್ನು ಮತ್ತೆ ಬಿಗಿ ಆಗಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ನಡೆಯಿರಿ.

ಮೆಡಿಕಲ್‌ನಲ್ಲಿ ಗುಳಿಗೆ ತಗೊಂಡ್ರೆ ಹಾರಿ ಹೋಗುತ್ತೆ. ದಿನಾ ತಗೋಬಹುದಾ?

ಬೇಡ. ಕೈ ಮುಗಿದು ಹೇಳುತ್ತೇನೆ.

ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ ಇರುವ ನಮ್ಮಂಥವರಿಗೆ ಈ ಅಪಾಯ ಇನ್ನೂ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ ಇದ್ದರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಪ್ಯಾರಾಸಿಟಮಾಲ್ ಸ್ವಲ್ಪ ಸೌಮ್ಯ. ಆದರೂ ದಿನಕ್ಕೆ 4 ಗ್ರಾಂ, ಅಂದರೆ 500ರ 8 ಗುಳಿಗೆ, ಅದೇ ಕೊನೆಯ ಮಿತಿ. ಕುಡಿಯುವ ಅಭ್ಯಾಸ ಇದ್ದವರಿಗೆ ಅಷ್ಟೂ ಲಿವರ್‌ಗೆ ಅಪಾಯ.

ಸ್ನಾಯು ಸಡಿಲ ಮಾಡುವ ಗುಳಿಗೆ ತೆಗೆದುಕೊಂಡು ಸ್ಟೀರಿಂಗ್ ಹಿಡಿಯಬೇಡಿ, ನಿದ್ದೆ ತರುತ್ತದೆ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಚೀಟಿ ಇಲ್ಲದ ಪುಡಿ, ಗುಳಿಗೆ ಮಾರುತ್ತಾರೆ. ಅಂಥದ್ದರಲ್ಲಿ ಕೆಲವು ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಒಂದೇ ದಿನದಲ್ಲಿ ಎದ್ದು ಕುಣಿಯುವ ಹಾಗೆ ಆಗುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ನೋವು ಕಾಣದ ಹಾಗೆ ಮಾಡಿ ಅದೇ ಸತ್ತ ಸೀಟಿನ ಮೇಲೆ ಮತ್ತೆ ಹತ್ತು ತಾಸು ಕೂರುತ್ತೀರಿ, ಅದೇ ನನ್ನ ದೊಡ್ಡ ಚಿಂತೆ.

ಸೊಂಟಕ್ಕೆ ಬೆಲ್ಟ್?

ನೋವು ಜೋರಾಗಿದ್ದಾಗ ಡಾಕ್ಟರ್ ಹೇಳಿದಷ್ಟು ದಿನ ಕಟ್ಟಿ. ನೋವು ಬರದಂತೆ ತಡೆಯಲಿ ಅಂತ ದಿನಾ ಕಟ್ಟಿದರೆ ಉಪಯೋಗ ಇಲ್ಲ.

ಊರಲ್ಲಿ ಎಣ್ಣೆ ತಿಕ್ಕಿ ಮುರಿಯೋರು ಇದ್ದಾರೆ. ಹೋಗಲಾ?

ಹಗುರವಾಗಿ ಎಣ್ಣೆ ತಿಕ್ಕಿಸಿಕೊಳ್ಳಿ, ತೊಂದರೆ ಇಲ್ಲ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದೂ ಒಳ್ಳೆಯದು. ನಮ್ಮವ್ವ ನನಗೆ ಅದನ್ನೇ ಮಾಡಿದ್ದು. ಚರ್ಮ ಸುಡದಂತೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸುಟ್ಟದ್ದು ಗೊತ್ತೇ ಆಗದಿರಬಹುದು. ಆದರೆ ಕಾಲಿಗೆ ನೋವು ಇಳಿಯುತ್ತಿದ್ದರೆ, ಜೋಮು ಇದ್ದರೆ ಬೆನ್ನು, ಕುತ್ತಿಗೆ ಲಟಕ್ ಅಂತ ತಿರುಚಲು ಯಾರಿಗೂ ಕೊಡಬೇಡಿ. ಬೆನ್ನ ಮೇಲೆ ಕಾಲಿಟ್ಟು ತುಳಿಸಿಕೊಳ್ಳಲೂ ಬೇಡಿ.

ಪೂರ್ತಿ ವಿಶ್ರಾಂತಿ ತಗೊಂಡು ಮಲಗಿಬಿಡಲಾ?

ಒಂದೆರಡು ದಿನ ಸಾಕು. ಅದಕ್ಕಿಂತ ಜಾಸ್ತಿ ಮಲಗಿದರೆ ಸ್ನಾಯು ಸೋತು ನೋವು ಉಳಿದುಕೊಳ್ಳುತ್ತದೆ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಮೂರು ವಾರ ಅಲುಗಾಡದೆ ಮಲಗಿದ್ದೆ, ಎದ್ದಾಗ ನಿಲ್ಲಲೂ ಬರಲಿಲ್ಲ. ಸಾಮಾನ್ಯ ಸೊಂಟ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಮೊದಲ ದಿನವೇ ಎಂಆರ್‌ಐ ಬೇಕಾಗುವುದಿಲ್ಲ. ಬರೀ ನೆಲದ ಮೇಲೆ ಮಲಗಬೇಕು ಅನ್ನುವುದೂ ನಿಜ ಅಲ್ಲ, ಕುಗ್ಗದ ಗಾದಿ ಸಾಕು.

ಮೇಡಂ ಹೇಳಿಕೊಟ್ಟ ಮೂರು ವ್ಯಾಯಾಮ ಇವತ್ತಿಗೂ ಮಾಡುತ್ತೇನೆ. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತಿ ಹತ್ತು ಎಣಿಸುವುದು. ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಹಿಮ್ಮಡಿ ಇಟ್ಟು, ಬೆನ್ನು ನೇರ ಮಾಡಿ, ತೊಡೆಯ ಹಿಂಭಾಗ ಎಳೆಯುವುದು. ಮಾಡುವಾಗ ನೋವು ಕಾಲಿನಿಂದ ಸೊಂಟದ ಕಡೆ ಮೇಲೆ ಬಂದರೆ ಒಳ್ಳೆಯ ಗುರುತು. ಕಾಲಿನ ಕಡೆ ಕೆಳಗೆ ಇಳಿದರೆ ನಿಲ್ಲಿಸಿ, ತೋರಿಸಿ. ದಿನಾ ಅರ್ಧ ತಾಸು ನಡೆಯಿರಿ. ಬೀಡಿ, ಸಿಗರೇಟ್ ಸೇದುವವರಿಗೆ ಬೆನ್ನು ನೋವು ಹೆಚ್ಚು ಅನ್ನುವುದೂ ನಿಜ.

ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುತ್ತೆ. ಇದೂ ಟ್ರ್ಯಾಕ್ಟರಿನದ್ದಾ?

ಹೌದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ಮೀರಿ ಕೇಳಬಾರದು. 88 ಆದರೆ 4 ತಾಸು, 91 ಆದರೆ 2 ತಾಸು. ಕ್ಯಾಬಿನ್ ಇಲ್ಲದ ಹಳೇ ಟ್ರ್ಯಾಕ್ಟರ್ ಲೋಡಿನಲ್ಲಿ 90 ದಾಟುವುದು ಸಾಮಾನ್ಯ. ಸೈಲೆನ್ಸರ್ ತೂತಾಗಿದ್ದರೆ ಕೇಳಲೇಬೇಡಿ. ಅದರ ಮೇಲೆ ಕಬ್ಬಿನ ಗಾಡಿಗಳಲ್ಲಿ ದೊಡ್ಡ ಸ್ಪೀಕರ್, ಎಂಜಿನ್ ಸದ್ದನ್ನು ಮೀರಿಸುವ ಹಾಡು. ನಿದ್ದೆ ಬರದಿರಲಿ ಅಂತ ಹಾಕುತ್ತಾರೆ, ಗೊತ್ತು. ಆದರೆ ಹೋದ ಕಿವಿ ವಾಪಸ್ ಬರುವುದಿಲ್ಲ. ಸೈಲೆನ್ಸರ್ ಬದಲಿಸಿ. ಹೊಲದಲ್ಲಿ ಕಿವಿಗೆ ಮುಚ್ಚಿಗೆ ಹಾಕಿಕೊಳ್ಳಿ. ನಿದ್ದೆ ಬಂದರೆ ರಸ್ತೆ ಬಿಟ್ಟು ನಿಲ್ಲಿಸಿ ಮಲಗಿ, ಡಬ್ಬಿಯ ಕೆಳಗೆ ಮಾತ್ರ ಬೇಡ.

ಉರಿಮೂತ್ರ, ಮೂಲವ್ಯಾಧಿ?

ಇಳಿಯಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುವುದು, ಮೂತ್ರ ತಡೆಯುವುದು, ಎಂಜಿನ್ ಬಿಸಿ, ದಿನವಿಡೀ ಕೂರುವುದು ಎಲ್ಲ ಸೇರುತ್ತದೆ. ಮೂತ್ರ ತೆಳು ಹಳದಿ ಇರುವಷ್ಟು ನೀರು ಕುಡಿಯಿರಿ. ಮಜ್ಜಿಗೆ ಒಳ್ಳೆಯದು. ತಾಸಿಗೊಮ್ಮೆ ಇಳಿದರೆ ಇದಕ್ಕೂ ಅನುಕೂಲ. ರಕ್ತ ಹೋದರೆ ನಾಚಿಕೆ ಪಡದೆ ಡಾಕ್ಟರ್ ಹತ್ತಿರ ಹೋಗಿ.

ಯಾವ ನೋವಿಗೆ ಕಾಯಬಾರದು? ಪುಣೆಯಲ್ಲಿ ಎಲ್ಲಿ ಹೋಗೋದು? ಮರಾಠಿ ಸರಿಯಾಗಿ ಬರಲ್ಲ.

ಇದನ್ನು ಮನೆಯವರಿಗೂ ಓದಿ ಹೇಳಿ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ಮಲ ತಡೆಯಲು ಆಗದಿದ್ದರೆ, ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟಿದರೆ, ಪಾದ ಎತ್ತಲು ಆಗದೆ ಎಳೆದು ನಡೆಯುವ ಹಾಗಾದರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ನರದ ಗೊಂಚಲು ಒತ್ತಿಹೋಗಿರಬಹುದು. ತಡವಾದರೆ ಶಕ್ತಿ ವಾಪಸ್ ಬರದೇ ಇರಬಹುದು. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ನೋವು, ತೂಕ ಇಳಿಯುತ್ತಿದ್ದು ರಾತ್ರಿ ಮಲಗಿದರೂ ಬಿಡದ ನೋವು, ಇವನ್ನೂ ಬೇಗ ತೋರಿಸಿ. ಎದೆ ಒತ್ತಿದ ಹಾಗಾಗಿ ಎಡಗೈಗೆ, ದವಡೆಗೆ ಇಳಿಯುವ ನೋವನ್ನು ಸ್ಟೀರಿಂಗ್ ಎಳೆದ ನೋವು ಅಂದುಕೊಳ್ಳಬೇಡಿ. 108 ಇಲ್ಲೂ ನಡೆಯುತ್ತದೆ.

ಪುಣೆ ರೈಲು ನಿಲ್ದಾಣದ ಹತ್ತಿರ ಸರ್ಕಾರಿ ಸಸೂನ್ ಆಸ್ಪತ್ರೆ ಇದೆ. ಪಿಂಪ್ರಿ ಕಡೆಯವರಿಗೆ ಪಾಲಿಕೆಯ ಯಶವಂತರಾವ್ ಚವಾಣ್ ಆಸ್ಪತ್ರೆ ಹತ್ತಿರ. ಆಧಾರ್, ಹಳೇ ಚೀಟಿಗಳು ಕೈಯಲ್ಲಿರಲಿ. ಊರಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಸಿದ್ದರೆ ಅದನ್ನೂ ತನ್ನಿ. ಅಡ್ಮಿಟ್ ಆಗುವ ಮೊದಲೇ ಇಲ್ಲಿ ನಡೆಯುತ್ತದಾ ಅಂತ ಕೌಂಟರಿನಲ್ಲಿ ಕೇಳಿ.

ಮಾತು ಬರದೆ ಬರೀ ಸೊಂಟ ತೋರಿಸಿ ಗುಳಿಗೆ ತೆಗೆದುಕೊಂಡು ಬಂದವರನ್ನು ಬಹಳ ನೋಡಿದ್ದೇನೆ. ಇಷ್ಟು ಕಲಿತುಕೊಳ್ಳಿ. ಸೊಂಟ ನೋಯುತ್ತಿದೆ ಅನ್ನಲು "ಕಂಬರ ದುಖತೇ". ಕಾಲಿಗೆ ಜೋಮು ಅನ್ನಲು "ಪಾಯಾತ ಮುಂಗ್ಯಾ ಯೇತಾತ". ಮುಂಗ್ಯಾ ಅಂದರೆ ಇರುವೆಗಳು, ನಮ್ಮಲ್ಲಿ ಇರುವೆ ಹರಿದ ಹಾಗೆ ಅನ್ನುತ್ತೇವಲ್ವಾ, ಹಾಗೇ. ಕಾಲಿನಲ್ಲಿ ಶಕ್ತಿ ಇಲ್ಲ ಅನ್ನಲು "ಪಾಯಾತ ತಾಕದ ನಾಹೀ". ಕೂರುವ ಜಾಗ ಮರಗಟ್ಟಿದೆ ಅನ್ನಲು "ಬಸಾಯಚೀ ಜಾಗಾ ಬಧೀರ ಝಾಲೀ ಆಹೇ". ಮೂತ್ರ ಆಗುತ್ತಿಲ್ಲ ಅನ್ನಲು "ಲಘವೀ ಹೋತ ನಾಹೀ". ಕೊನೆಯ ಎರಡನ್ನು ಹೇಳಲು ಸಂಕೋಚ ಬೇಡವೇ ಬೇಡ. ಡಾಕ್ಟರ್ ಮೊದಲು ಕೇಳುವುದೇ ಅದನ್ನು. ದಿನಕ್ಕೆ ಎಷ್ಟು ತಾಸು ಟ್ರ್ಯಾಕ್ಟರ್ ಮೇಲೆ ಇರುತ್ತೀರಿ ಅನ್ನುವುದನ್ನೂ ಹೇಳಿ.

ನಾನು ಓಡಿಸಲ್ಲ, ರಿಪೇರಿ ಮಾಡ್ತೀನಿ. ನನಗೂ ಇದೇ ನೋವು.

ನಮ್ಮ ನೋವು ಬಗ್ಗುವುದರಿಂದ, ಎತ್ತುವುದರಿಂದ. ಟ್ರ್ಯಾಕ್ಟರ್ ಬ್ಯಾಟರಿ 20 ಕಿಲೋ ಮೀರುತ್ತದೆ, ಅದನ್ನು ಕೈ ಚಾಚಿ ಎತ್ತಿದರೆ ಸೊಂಟಕ್ಕೆ ಬೀಳುವ ಭಾರ ಹಲವು ಪಟ್ಟು. ಮೈಗೆ ತಾಗಿಸಿ ಎತ್ತಿ. ಹಿಂದಿನ ಚಕ್ರವನ್ನು ಒಬ್ಬರೇ ಎತ್ತಲು, ಹೊರಳಿಸಲು ಹೋಗಬೇಡಿ, ಒಳಗೆ ನೀರು ತುಂಬಿದ್ದರಂತೂ ಬೇಡವೇ ಬೇಡ. ಜಿಗುಟು ಬೋಲ್ಟ್‌ಗೆ ಪಾನಾಕ್ಕೆ ಪೈಪ್ ಹಾಕಿ ಜಗ್ಗುವಾಗ ನೂಕುವ ಬದಲು ನಿಮ್ಮ ಕಡೆ ಎಳೆಯಿರಿ. ಕೆಲಸವನ್ನು ನೆಲದಿಂದ ಮೇಜಿಗೆ ಏರಿಸಿ. ಗೇರ್ ಬಾಕ್ಸ್‌ಗೆ ಅಂತ ಸೊಂಟದ ಎತ್ತರಕ್ಕೆ ಒಂದು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ ಮೇಲೆ ನಮ್ಮ ಹುಡುಗರ ಗೋಳು ಅರ್ಧ ಕಡಿಮೆ ಆಯಿತು.

ಗಾಡಿ ಮಾಲೀಕರದ್ದು. ಸೀಟಿಗೆ ದುಡ್ಡು ಹಾಕಲ್ಲ ಅಂತಾರೆ. ಏನು ಮಾಡಲಿ?

ನೋವಿನ ಮಾತಿನಿಂದ ಶುರು ಮಾಡಬೇಡಿ, ಗಾಡಿಯ ಮಾತಿನಿಂದ ಶುರು ಮಾಡಿ. ಕ್ಲಚ್ ಬುಷ್ ಒಣಗಿದರೆ ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ. ಸ್ಟೀರಿಂಗ್ ಬಾಕ್ಸಿನಲ್ಲಿ ಎಣ್ಣೆ ಇಲ್ಲದಿದ್ದರೆ ಪೂರ್ತಿ ಬಾಕ್ಸೇ ಬದಲಿಸಬೇಕಾಗುತ್ತದೆ. ಇದು ಅವರಿಗೂ ಗೊತ್ತು. ಗ್ರೀಸ್, ಬುಷ್, ಸೀಟಿನ ಶಾಕಪ್ ಇಷ್ಟಕ್ಕೆ ಸಾಮಾನ್ಯವಾಗಿ ಒಂದು ಫುಲ್ ಟ್ಯಾಂಕ್ ಡೀಸೆಲ್‌ನಷ್ಟೂ ಖರ್ಚಾಗುವುದಿಲ್ಲ. ಆಮೇಲೆ ಮಾಲೀಕರನ್ನೇ ಸೀಟಿನ ಮೇಲೆ ಕೂರಿಸಿ, ಖಾಲಿ ಡಬ್ಬಿ ಕಟ್ಟಿ, ಕಚ್ಚಾ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬರಲು ಹೇಳಿ.

ಅಫಜಲಪುರದ ಒಬ್ಬರು ಹಾಗೇ ಮಾಡಿದರು. ಮಾಲೀಕರು ವಾಪಸ್ ಬಂದು, ಇಳಿದು, ಸ್ವಲ್ಪ ಹೊತ್ತು ಮಡ್‌ಗಾರ್ಡ್ ಹಿಡಿದುಕೊಂಡೇ ನಿಂತರು. ಮರುದಿನ ಬೆಳಿಗ್ಗೆ ಗಾಡಿ ನಮ್ಮ ಗ್ಯಾರೇಜಿನ ಮುಂದೆ ನಿಂತಿತ್ತು.